ಸ್ವಾಮಿಭಕ್ತಿಯ ಒರೆಗಲ್ಲು

ಸಂಸ್ಕೃತ ನಾಟಕಗಳು ಸಾಮಾನ್ಯವಾಗಿ ಮಂಗಳದಲ್ಲಿ ಮುಗಿಯುತ್ತವೆ. ರಂಗದ ಮೇಲೆ ಸಾವನ್ನು ತೋರಿಸಬಾರದೆಂಬುದು ಲಾಕ್ಷಣಿಕರ ಮತ. ಈ ಎರಡು ಕಟ್ಟಳೆಗಳನ್ನೂ ಮೀರಿ ನಿಂತ ಏಕಾಂಕ ನಾಟಕ ಭಾಸನ 'ಊರುಭಂಗ'. ಬಹುಕಾಲ ಕಣ್ಮರೆಯಾಗಿದ್ದ, ಭಾಸನವೆಂದು ಹೇಳಲಾಗುವ 13 ನಾಟಕಗಳನ್ನು ಪಂಡಿತ ಟಿ. ಗಣಪತಿ ಶಾಸ್ತ್ರಿಗಳು ಓಲೆಗರಿಗಳಿಂದ ಸಂಪಾದಿಸಿ, 1912ರಿಂದ ತಿರುವನಂತಪುರದಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಇದೂ ಒಂದು.

ನಾಟಕದ ಕೊನೆಯ ಭಾಗವನ್ನು ನೋಡಿ. ಭೀಮನ ಗದೆಯಿಂದ ತೊಡೆ ಮುರಿದ ದುರ್ಯೋಧನ ಮಣ್ಣಿನಲ್ಲಿ ತೆವಳುತ್ತಿದ್ದಾನೆ. ಗದಾಯುದ್ಧದ ನಿಯಮ ಮುರಿದುದನ್ನು ಕಂಡು ಗುರು ಬಲರಾಮ ಕೆರಳುತ್ತಾನೆ. ಅವನನ್ನು ತಡೆಯುವವನು ಬೇರಾರೂ ಅಲ್ಲ, ಪೆಟ್ಟು ತಿಂದ ದುರ್ಯೋಧನನೇ! ಕುರುಕುಲಕ್ಕೆ ತರ್ಪಣ ಕೊಡಲು ಪಾಂಡವರಾದರೂ ಉಳಿಯಲಿ ಎಂಬುದು ಅವನ ಬಯಕೆ. ಕುರುಡ ತಂದೆಯೂ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ತಾಯಿಯೂ ಮಗನನ್ನು ಅರಸುತ್ತ ಬರುತ್ತಾರೆ. ಎಳೆಯ ಮಗ ದುರ್ಜಯ ವಾಡಿಕೆಯಂತೆ ತಂದೆಯ ತೊಡೆಯೇರಲು ಹೋಗುತ್ತಾನೆ. ಆ ಆಸನ ಇನ್ನು ನಿನಗಿಲ್ಲವೆಂದು ತಂದೆ ತಡೆಯಬೇಕಾಗುತ್ತದೆ. ಪಾಂಡವರನ್ನು ನನ್ನಂತೆಯೇ ಸೇವಿಸು, ಕುಂತಿಯ ಮಾತನ್ನು ನಡೆಸು, ದ್ರೌಪದಿಯನ್ನು ತಾಯಿಯಂತೆ ಕಾಣು ಎಂಬುದೇ ಮಗನಿಗೆ ಅವನಿತ್ತ ಉಪದೇಶ.

ಆಗ ಬರುವವನು ಅಶ್ವತ್ಥಾಮ. ಪಾಂಡವರನ್ನು ನಾಶಮಾಡುವೆನೆಂದು ಅವನು ಗರ್ಜಿಸುತ್ತಾನೆ. ಸಾಯುತ್ತಿರುವ ಒಡೆಯ ಅವನನ್ನೂ ತಡೆಯುತ್ತಾನೆ. ದ್ರೌಪದಿಯ ಮುಡಿಗೆ ಕೈಹಚ್ಚಿದುದು, ಬಾಲಕ ಅಭಿಮನ್ಯುವನ್ನು ಕೊಂದುದು, ಜೂಜಿನ ನೆವದಲ್ಲಿ ಪಾಂಡವರನ್ನು ಕಾಡಿಗೆ ಅಟ್ಟಿದುದು, ಇವನ್ನೆಲ್ಲ ಎಣಿಸಿ, ತನಗೆ ಆದುದು ಅಲ್ಪವೇ ಎನ್ನುತ್ತಾನೆ. ಅಶ್ವತ್ಥಾಮ ಕೇಳುವುದಿಲ್ಲ. ದುರ್ಜಯನನ್ನು ಬಾಯಿಮಾತಿನಿಂದಲೇ ಅರಸನೆಂದು ಸಾರಿ, ಇರುಳಿನ ಕೊಲೆಗೆ ಆಯುಧವೆತ್ತಿ ಹೊರಡುತ್ತಾನೆ.

ಇದು ಸ್ವಾಮಿಭಕ್ತಿಯೇ? ಮೇಲುನೋಟಕ್ಕೆ ಹೌದು. ಸೋತ ಒಡೆಯನನ್ನು ಬಿಟ್ಟುಹೋಗದವನು ಇವನು. ಇವನ ದುಃಖವೂ ಸುಳ್ಳಲ್ಲ. ಇವನೇ ಸತ್ತನೆಂಬ ಮೋಸದ ಮಾತನ್ನು ನಂಬಿ ತಂದೆ ದ್ರೋಣ ಶಸ್ತ್ರ ಕೆಳಗಿಟ್ಟು ಹತನಾದನು. ಒಡೆಯ ನಿಯಮ ಮೀರಿದ ಪೆಟ್ಟಿನಿಂದ ಬಿದ್ದನು. ಇಂಥ ಅನ್ಯಾಯವನ್ನು ನುಂಗಿಕೊಂಡರೆ ಅದು ಹೇಡಿತನವಾಗದೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ದುರ್ಯೋಧನ ಅನ್ಯಾಯವನ್ನು ಮುಚ್ಚಿಡಲಿಲ್ಲವೆಂಬುದನ್ನು ಮರೆಯಬಾರದು. ತನ್ನನ್ನು ವಂಚನೆಯಿಂದ ಗೆದ್ದರೆಂದು ಅವನು ಬಲರಾಮನಿಗೆ ಸ್ಪಷ್ಟವಾಗಿ ಹೇಳುತ್ತಾನೆ. ಅನ್ಯಾಯವನ್ನು ಅನ್ಯಾಯವೆಂದು ಸಾರುವುದು ಒಂದು. ಅದಕ್ಕೆ ಮತ್ತೊಂದು ಅನ್ಯಾಯವನ್ನು ಕೂಡಿಸುವುದು ಇನ್ನೊಂದು.

ಆ ಇರುಳು ನಡೆದುದನ್ನು ಮಹಾಭಾರತದ ಸೌಪ್ತಿಕ ಪರ್ವ ಹೇಳುತ್ತದೆ. ತಂದೆಯನ್ನು ಕೊಂದ ಧೃಷ್ಟದ್ಯುಮ್ನ ಅಶ್ವತ್ಥಾಮನ ಕೈಗೆ ಸಿಕ್ಕಿದುದು ನಿಜ. ಆದರೆ ಅವನೊಡನೆ ಮಲಗಿದ್ದ ದ್ರೌಪದಿಯ ಐವರು ಮಕ್ಕಳೂ ಹತರಾದರು. ದುರ್ಯೋಧನನ ತೊಡೆ ಮುರಿದವರು ಇವರಲ್ಲ. ಮುರಿದ ಭೀಮ ಬದುಕಿಯೇ ಇದ್ದನು. ಸೇಡು ಯಾರ ಮೇಲೆ ಹೊರಟಿತೋ ಅವರನ್ನು ಮುಟ್ಟಲಿಲ್ಲ. ನಿದ್ದೆಯಲ್ಲಿದ್ದ ಎಳೆಯರನ್ನು ನುಂಗಿತು. ಅಷ್ಟೇ ಅಲ್ಲ, ಸಾಯುವ ತಂದೆ ತನ್ನ ಮಗನನ್ನು ಒಪ್ಪಿಸಿದ್ದು ಪಾಂಡವರ ನೆರಳಿಗೆ. ಮಕ್ಕಳನ್ನು ಕಳೆದುಕೊಂಡ ದ್ರೌಪದಿಯನ್ನು ದುರ್ಜಯ ಇನ್ನು ಯಾವ ಮುಖದಿಂದ ತಾಯಿ ಎನ್ನಬೇಕು? ಒಡೆಯನ ಹೆಸರಿನಲ್ಲಿ ಹೊರಟ ಭಕ್ತ, ಒಡೆಯನ ಮಗನಿಗೆ ಉಳಿದಿದ್ದ ಆಶ್ರಯಕ್ಕೇ ಬೆಂಕಿ ಇಟ್ಟನು.

ನಮ್ಮ ರನ್ನ ಕವಿಯ 'ಗದಾಯುದ್ಧ'ದ ದುರ್ಯೋಧನ ಬೇರೊಂದು ದಾರಿ ಹಿಡಿಯುತ್ತಾನೆ. ರಣರಂಗದಲ್ಲಿ ಕರ್ಣ, ದುಶ್ಶಾಸನರ ದೇಹಗಳನ್ನು ಕಂಡ ಮೇಲೆ ಅವನ ದುಃಖವೇ ಛಲವಾಗಿ, ಸಂಧಿಯ ಮಾತು ರುಚಿಸದಾಗುತ್ತದೆ. ಗೆಳೆತನದ ನಿಷ್ಠೆಯಿಂದ ಹುಟ್ಟಿದ ಆ ಛಲಕ್ಕೆ ನಾವು ತಲೆದೂಗುತ್ತೇವೆ. ಆದರೆ ಭಾಸ ತೋರಿಸುವುದು ಅದಕ್ಕಿಂತ ಕಠಿಣವಾದ ಧೈರ್ಯ. ಛಲದಲ್ಲಿಯೇ ಬಾಳಿದವನು ಛಲವನ್ನು ಇಳಿಸುವುದು ಸುಲಭವಲ್ಲ.

ಆದುದರಿಂದ ಸ್ವಾಮಿಭಕ್ತಿಯನ್ನು ಸಿಟ್ಟಿನ ಬಿಸಿಯಿಂದ ಅಳೆಯಲಾಗದು. ಅಶ್ವತ್ಥಾಮ ನಿಷ್ಠನಾಗಿದ್ದುದು ನಿನ್ನೆಯ ದುರ್ಯೋಧನನಿಗೆ, ಇಲ್ಲವೆ ತನ್ನ ಕೋಪಕ್ಕೆ. ಕಣ್ಣೆದುರಿಗೆ ಮಾತಾಡುತ್ತಿದ್ದ ದುರ್ಯೋಧನನಿಗಲ್ಲ. ನಾವು ಪ್ರೀತಿಸಿದವರು ನಮ್ಮನ್ನು ಅಗಲುವಾಗ ಅವರ ಹಗೆಯೂ, ಅವರ ಒಳ್ಳೆಯ ಮಾತೂ ನಮ್ಮ ಪಾಲಿಗೆ ಉಳಿಯುತ್ತವೆ. ಹಗೆಯನ್ನು ಹೊತ್ತು ನಡೆಯಲು ಸಿಟ್ಟೊಂದಿದ್ದರೆ ಸಾಕು. ಒಳ್ಳೆಯ ಮಾತನ್ನು ನಡೆಸಿಕೊಡಲು ಸಿಟ್ಟನ್ನು ಗೆಲ್ಲಬೇಕು. ನಿಷ್ಠೆಯ ಒರೆಗಲ್ಲು ಅದೇ.