ಮದುವೆಯಾದದ್ದಕ್ಕೆ ಮನೆಗೆ ಹೋದವರ ಪಟ್ಟಿ ತೆಗೆಸಿ: ರಕ್ಷಣಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ರಕ್ಷಣಾ ಸಚಿವರೇ,

ನಿಮ್ಮ ಸಚಿವಾಲಯದ ಯಾವುದೋ ಕಪಾಟಿನಲ್ಲಿ ಒಂದು ಲೆಕ್ಕ ಇರಲೇಬೇಕು: ಮಿಲಿಟರಿ ನರ್ಸಿಂಗ್ ಸರ್ವೀಸಿನಲ್ಲಿ ‘ಮದುವೆಯಾದರು’ ಎಂಬ ಕಾರಣಕ್ಕೆ ಕೆಲಸದಿಂದ ಬಿಡುಗಡೆಯಾದ ಹೆಣ್ಣುಮಕ್ಕಳ ಲೆಕ್ಕ. ಸೈನ್ಯದಲ್ಲಿ ಒಂದು ಕಂಬಳಿ ಕಳೆದರೂ ಬರೆದಿಡುತ್ತಾರೆ. ಕಮಿಷನ್ ಪಡೆದ ಆಫೀಸರುಗಳನ್ನೇ ಕಳೆದುಕೊಂಡದ್ದಕ್ಕೆ ದಾಖಲೆ ಇಲ್ಲವೆಂದರೆ ನಂಬುವುದು ಕಷ್ಟ. ಅದನ್ನು ಹೊರಗೆ ತೆಗೆಸಿ ಎಂದು ಕೇಳುವುದಕ್ಕೇ ಈ ಪತ್ರ.

ನಿಯಮ ನಿಮಗೆ ಗೊತ್ತಿರುತ್ತದೆ, ಓದುಗರಿಗಾಗಿ ಹೇಳುತ್ತೇನೆ. 1977ರ 61ನೇ ಸಂಖ್ಯೆಯ ಸೇನಾ ಸೂಚನೆ, ನರ್ಸಿಂಗ್ ಆಫೀಸರಳ ಸೇವೆ ಕೊನೆಗೊಳ್ಳುವ ಕಾರಣಗಳಲ್ಲಿ ಮದುವೆಯನ್ನೂ ಸೇರಿಸಿತ್ತು. ದುರ್ನಡತೆಯ ಪಕ್ಕದಲ್ಲೇ ಮದುವೆ! 1995ರ ಆಗಸ್ಟ್ 29ರಂದು ಅದನ್ನು ಹಿಂತೆಗೆದುಕೊಳ್ಳಲಾಯಿತು. ನಡುವೆ, 1988ರಲ್ಲಿ, ಸಿಕಂದರಾಬಾದಿನ ಮಿಲಿಟರಿ ಆಸ್ಪತ್ರೆಯಲ್ಲಿದ್ದ ಲೆಫ್ಟಿನೆಂಟ್ ಸೆಲಿನಾ ಜಾನ್ ಮದುವೆಯಾದರು, ಕೆಲಸ ಹೋಯಿತು. ಅವರು ಸುಮ್ಮನಿರಲಿಲ್ಲ. ಲಖನೌದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ 2016ರಲ್ಲಿ ಅವರ ಪರ ಹೇಳಿತು. ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಸಲ್ಲಿಸಿತು. 2024ರ ಫೆಬ್ರುವರಿ 14ರಂದು ನ್ಯಾಯಮೂರ್ತಿಗಳಾದ ಸಂಜೀವ್ ಖನ್ನಾ ಮತ್ತು ದೀಪಂಕರ್ ದತ್ತ, ಆ ನಿಯಮ ಮೇಲ್ನೋಟಕ್ಕೇ ಮನಸೋಇಚ್ಛೆಯದು, ಲಿಂಗ ತಾರತಮ್ಯದ್ದು ಎಂದು ಹೇಳಿ 60 ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿದರು. ಒಂದು ಮದುವೆಯ ನ್ಯಾಯ ತೀರ್ಮಾನವಾಗಲು 36 ವರ್ಷ.

‘ಆ ಕಾಲ ಹಾಗಿತ್ತು’ ಎಂದು ನಿಮ್ಮ ಅಧಿಕಾರಿಗಳು ಟಿಪ್ಪಣಿ ಬರೆಯಬಹುದು. ಆ ಕಾಲ ಹಾಗಿರಲಿಲ್ಲ. ವಿರಾಜಪೇಟೆಯ ಸಿ. ಬಿ. ಮುತ್ತಮ್ಮ 1949ರಲ್ಲಿ ವಿದೇಶಾಂಗ ಸೇವೆ ಸೇರಿದವರು, ಆ ಸೇವೆಯ ಮೊದಲ ಮಹಿಳೆ. ಅಲ್ಲೂ ಹೆಣ್ಣು ಮದುವೆಯಾಗಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು. ಅವರು ಕೋರ್ಟಿಗೆ ಹೋದರು, 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ಬಗೆಯ ನಿಯಮಗಳ ಚಳಿ ಬಿಡಿಸಿದರು. ಅದಾಗಿ ಒಂಬತ್ತು ವರ್ಷಕ್ಕೆ ಸೆಲಿನಾ ಜಾನ್ ಕೆಲಸ ಕಳೆದುಕೊಂಡದ್ದು. ಅದೇಕೋ ಆ ತೀರ್ಪು ಸೈನ್ಯದ ಗೇಟಿನೊಳಗೆ ಹೋಗಲಿಲ್ಲ. ಅದೇ ಆಸ್ಪತ್ರೆಯ ಗಂಡು ಡಾಕ್ಟರಿಗೆ, ಆಂಬುಲೆನ್ಸ್ ಓಡಿಸುವ ಹವಾಲ್ದಾರನಿಗೆ ಮದುವೆಯಾದರೆ ಮ್ಯಾರೀಡ್ ಕ್ವಾರ್ಟರ್ಸು ಸಿಗುತ್ತಿತ್ತು.

ಇಷ್ಟೆಲ್ಲ ನನಗೇಕೆ ಎಂದರೆ, ನನ್ನ ಸೋದರತ್ತೆ ಅದೇ ನರ್ಸಿಂಗ್ ಸರ್ವೀಸಿನಲ್ಲಿ ದುಡಿದವರು. ಅವರು ಆ ಪಟ್ಟಿಯಲ್ಲಿಲ್ಲ. ಮದುವೆಯಾಗಲಿಲ್ಲ. ಸೋಮವಾರಪೇಟೆ ಕಡೆಯ ಸಣ್ಣ ತೋಟದ ಮನೆಯ ಹಿರಿಮಗಳು. ಅರವತ್ತರ ದಶಕದ ಕೊನೆಗೆ ಲೆಫ್ಟಿನೆಂಟ್ ಆಗಿ ಸೇರಿ ತೊಂಬತ್ತರ ದಶಕದ ಕೊನೆಗೆ ಲೆಫ್ಟಿನೆಂಟ್ ಕರ್ನಲ್ ಆಗಿ ನಿವೃತ್ತರಾದರು. 1971ರ ಡಿಸೆಂಬರಿನಲ್ಲಿ ಪಠಾಣ್‌ಕೋಟ್‌ನಲ್ಲಿದ್ದರು. ಶಕರ್‌ಗಢದ ಕಡೆಯಿಂದ, ಮೈನ್ ಸಿಡಿದು ಕಾಲು ಕಳೆದುಕೊಂಡ ಹುಡುಗರು ಬರುತ್ತಿದ್ದ ದಿನಗಳು. ಯುದ್ಧದ ಕತೆ ಹೇಳಿ ಎಂದು ಮಕ್ಕಳು ಪೀಡಿಸಿದರೆ ಅವರು ಹೇಳುತ್ತಿದ್ದದ್ದು ವಿಜಯದ ಕತೆಯಲ್ಲ. ಬ್ಲ್ಯಾಕೌಟ್ ಇರುವಾಗ ಟಾರ್ಚಿಗೆ ಬಟ್ಟೆ ಸುತ್ತಿ ನಾಡಿ ನೋಡಿದ್ದು, ಇಲ್ಲದ ಕಾಲಿನ ಹೆಬ್ಬೆರಳು ತುರಿಸುತ್ತಿದೆ, ಸ್ವಲ್ಪ ಕೆರೆಯಿರಿ ಸಿಸ್ಟರ್ ಎಂದು ಅಂಗಲಾಚುತ್ತಿದ್ದ ಸಿಪಾಯಿ. ಕೆರೆದಿರಾ ಅಂತ ಕೇಳಿದರೆ, ‘ಹೂಂ, ಕಂಬಳಿ ಕೆರೆದೆ, ಅವನಿಗೆ ನಿದ್ದೆ ಬಂತು’ ಅನ್ನುವರು.

ತಿಂಗಳ ಮೊದಲ ವಾರ ಅತ್ತೆಯ ಮನಿಯಾರ್ಡರ್ ಬರುತ್ತಿತ್ತು. ಕಳುಹಿಸಿದವರ ವಿಳಾಸ ‘56 ಎಪಿಓ’. ಸೈನ್ಯದ ಅಂಚೆಯಲ್ಲಿ ಊರಿನ ಹೆಸರು ಬರೆಯುವ ಹಾಗಿಲ್ಲ. ಅಜ್ಜಿಗೆ ಮಾತ್ರ ಬಹಳ ವರ್ಷ ‘ಐವತ್ತಾರು ಎಪಿಓ’ ಉತ್ತರದ ಕಡೆಯ ಒಂದು ದೊಡ್ಡ ಊರು. ಫಾರಮ್ಮಿನ ಕೆಳತುದಿಯ ಕೂಪನ್ನಿನಲ್ಲಿ ನಾಲ್ಕು ಸಾಲಿಗೆ ಜಾಗ. ಅಷ್ಟರಲ್ಲೇ ಯಾವುದಕ್ಕೆ ಎಷ್ಟು ಎಂದು ಬರೆದಿರುತ್ತಿದ್ದರು: ತಮ್ಮನ ಕಾಲೇಜು ಫೀಸು, ಅಮ್ಮನ ಕಣ್ಣಿಗೆ ಔಷಧಿ, ಉಳಿದದ್ದು ಹಂಚಿಗೆ. ನನ್ನಪ್ಪ ಬಿ.ಎಸ್ಸಿ. ಮುಗಿಸಿದ್ದು, ಚಿಕ್ಕತ್ತೆಯ ಮದುವೆ, ಮನೆಗೆ ಹಂಚು, ಹೊಳೆಗೆ ಪಂಪ್‌ಸೆಟ್ ಎಲ್ಲವೂ ಆ ಕೂಪನ್ನಿನ ಸಾಲುಗಳು. ಅಪ್ಪ ಅವನ್ನು ಬಿಸಾಡದೆ ಜೀವವಿಮೆಯ ಕಾಗದಗಳ ಜೊತೆ ಇಟ್ಟಿದ್ದರು.

ಎಪ್ಪತ್ತರ ದಶಕದ ಕೊನೆಗೆ ಮಡಿಕೇರಿಯ ಒಬ್ಬ ಮೇಷ್ಟ್ರ ಕಡೆಯಿಂದ ಸಂಬಂಧ ಬಂತು. ಅತ್ತೆಗೂ ಮನಸ್ಸಿತ್ತು ಎಂದು ಅಮ್ಮ ಹೇಳುತ್ತಾಳೆ. ಆದರೆ ಮದುವೆ ಎಂದರೆ ರಾಜೀನಾಮೆ, ರಾಜೀನಾಮೆ ಎಂದರೆ ಮನಿಯಾರ್ಡರ್ ಬಂದ್. ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ, ಆಗು ಎಂದೂ ಅನ್ನಲಿಲ್ಲ. ಆ ಮೌನದಲ್ಲಿ ನಮ್ಮ ಲಾಭವಿತ್ತು ಎಂಬುದನ್ನು ಮರೆಮಾಚಿ ‘ತ್ಯಾಗಮಯಿ’ ಎಂದು ಹಾರ ಹಾಕುವವರನ್ನು ಕಂಡರೆ ನನಗೆ ಆಗುವುದಿಲ್ಲ. ನಿಯಮ ಹಿಂತೆಗೆದ ಸುದ್ದಿ ಬಂದಾಗ ಅತ್ತೆಗೆ ಐವತ್ತು ದಾಟಿತ್ತು.

ನಿವೃತ್ತಿಯಾಗಿ ಬಂದವರಿಗೆ ಅಜ್ಜಿಯ ಪಾರ್ಶ್ವವಾಯು ಕಾದಿತ್ತು. ಮಂಚದ ತಲೆಯ ಕಡೆ ಗೋಡೆಗೆ ಒಂದು ಚಾರ್ಟು ತೂಗುಹಾಕಿದರು: ಜ್ವರ, ನಾಡಿ, ಉಸಿರು, ಎರಡೆರಡು ಗಂಟೆಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮಗ್ಗುಲು ಬದಲಿಸಿದ ಗುರುತು, ಪಕ್ಕದಲ್ಲಿ ಮಾಡಿದವರ ಸಹಿ. ರಾತ್ರಿ ಪಾಳಿಯಲ್ಲಿ ನಾನಿದ್ದರೆ ನನ್ನದೂ ಸಹಿ. ಒಮ್ಮೆ ನಿದ್ದೆ ಹೋಗಿ ಬೆಳಿಗ್ಗೆ ಸಹಿ ತುಂಬಿದ ಅಣ್ಣ, ಎಲ್ಲರೆದುರು ಮೇಜರನಿಂದ ಬೈಸಿಕೊಂಡ ಸಿಪಾಯಿಯಾದ. ವರ್ಷಗಟ್ಟಲೆ ಮಲಗಿದ್ದ ಅಜ್ಜಿಯ ಬೆನ್ನಿನಲ್ಲಿ ಒಂದು ಹುಣ್ಣೂ ಆಗಲಿಲ್ಲ. ಅತ್ತೆ ಈಗ ಎಂಬತ್ತು ದಾಟಿದ್ದಾರೆ. ಎಂಬತ್ತಕ್ಕೆ ಸಿಗುವ ಶೇ. 20ರಷ್ಟು ಹೆಚ್ಚುವರಿ ಪಿಂಚಣಿ ಬರುತ್ತಿದೆ, ಅದರ ಬಗ್ಗೆ ದೂರಿಲ್ಲ. ಆ ಹೆಚ್ಚುವರಿಯೂ ಮನೆಯ ಮೊಮ್ಮಗಳೊಬ್ಬಳ ನರ್ಸಿಂಗ್ ಕಾಲೇಜಿಗೆ ಹೋಗುತ್ತದೆ.

ಸೆಲಿನಾ ಜಾನ್ ತೀರ್ಪಿನ ಸುದ್ದಿ ಪೇಪರಿನಲ್ಲಿ ಬಂದ ದಿನ ಓದಿ ಹೇಳಿದೆ. ಅತ್ತೆ ಕೇಳಿದ್ದು ದುಡ್ಡಿನ ವಿಚಾರವಲ್ಲ. ತಮ್ಮ ಜೊತೆ ಮೆಸ್ಸಿನ ಒಂದೇ ಕೋಣೆಯಲ್ಲಿದ್ದ ಕೇರಳದ ಕ್ಯಾಪ್ಟನ್ ಒಬ್ಬಳು ಮದುವೆಯಾಗಿ ಹೊರಟಳಂತೆ. ಹೆಸರು, ನಂಬರು ಬಿಳಿ ಬಣ್ಣದಲ್ಲಿ ಬರೆದ ಕಪ್ಪು ಟ್ರಂಕನ್ನು ಇಬ್ಬರೂ ಹಿಡಿದು ರೈಲಿಗೆ ಹಾಕಿದರಂತೆ. ಎರಡು ಕ್ರಿಸ್‌ಮಸ್ ಕಾರ್ಡು ಬಂದವು, ಆಮೇಲೆ ಇಲ್ಲ. ‘ಅವಳಿಗೂ ಯಾರಾದರೂ ಕಾಗದ ಬರೆದಾರಾ?’ ಎಂದರು.

ಸಚಿವರೇ, ಯಾರೂ ಬರೆಯುವುದಿಲ್ಲ, ನೀವು ಹೇಳದ ಹೊರತು. ಕೋರ್ಟು ಪರಿಹಾರ ಕೊಟ್ಟದ್ದು ಅರ್ಜಿ ಹಾಕಿದ ಒಬ್ಬರಿಗೆ. ಹಾಕದವರಲ್ಲಿ ಹಲವರಿಗೆ ಈಗ ಎಪ್ಪತ್ತು, ಎಂಬತ್ತು. ಅವರು ಈ ವಯಸ್ಸಿನಲ್ಲಿ ವಕೀಲರನ್ನು ಹುಡುಕಿ, ವಿಳಂಬಕ್ಕೆ ಕ್ಷಮೆ ಕೋರಿ, ಮತ್ತೊಂದು ದಶಕ ಅಲೆಯಲಾರರು. ಅವರ ಹೆಸರು ನಿಮ್ಮ ‘ಸ್ಪರ್ಶ್’ ಪಿಂಚಣಿ ವ್ಯವಸ್ಥೆಯಲ್ಲೂ ಸಿಗದು. ಪಿಂಚಣಿಯ ತನಕ ಅವರನ್ನು ಉಳಿಸಿಕೊಳ್ಳಲೇ ಇಲ್ಲವಲ್ಲ. ಹಳೆಯ ಬಿಡುಗಡೆ ಆದೇಶಗಳನ್ನೇ ಕೈಯಿಂದ ಹುಡುಕಬೇಕು. ಬೇಸರದ ಕೆಲಸ, ಆದರೆ ಆಗದ ಕೆಲಸವಲ್ಲ.

1888ರ ಮಾರ್ಚ್ 28ರಂದು ಮುಂಬೈ ಬಂದರಿನಲ್ಲಿ ಇಳಿದ ಹತ್ತು ಇಂಗ್ಲಿಷ್ ನರ್ಸುಗಳನ್ನು ಈ ಸೇವೆ ಇಂದಿಗೂ ನೆನೆಯುತ್ತದೆ. ನೆನೆಯಲಿ. ಜೊತೆಗೆ, ಸುಮಾರು ನೂರು ವರ್ಷದ ಮೇಲೆ ಟ್ರಂಕು ಹಿಡಿದು ಇಳಿದುಹೋದವರನ್ನೂ ಹುಡುಕಿಸಿ. ಪಟ್ಟಿ ಸಿಕ್ಕ ಕೂಡಲೇ ಬದುಕಿರುವವರಿಗೆ, ತೀರಿಹೋಗಿದ್ದರೆ ಅವರ ಮಕ್ಕಳಿಗೆ, ತಪ್ಪಾಯಿತು ಎಂದು ಒಪ್ಪಿಕೊಳ್ಳುವ ಪತ್ರ ಹೋಗಲಿ. ಪರಿಹಾರ ಕೋರ್ಟಿನ ಹೊರಗೇ ತೀರ್ಮಾನವಾಗಲಿ. ಹಳೆಯ ವಿಳಾಸಗಳು ಸುಳ್ಳಾಗಿರುತ್ತವೆ, ಹಾಗಾಗಿ ಮಲಯಾಳಂ, ಕನ್ನಡ, ತಮಿಳು ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಿಸಿ, ಜಿಲ್ಲೆಗಳ ಸೈನಿಕ ಮಂಡಳಿಗಳಿಗೆ ಹೇಳಿ. ವಯಸ್ಸಿನಲ್ಲಿ ಹಿರಿಯರಾದವರಿಂದ ಶುರುಮಾಡಿಸಿ. ಕ್ಯಾಪ್ಟನ್ ಗೆಳತಿಯ ಹೆಸರು, ಸೇವಾ ಸಂಖ್ಯೆ ಎರಡೂ ಅತ್ತೆಗೆ ಬಾಯಿಪಾಠವಿವೆ. ನಿಮ್ಮ ಕಚೇರಿಯಿಂದ ಯಾರಾದರೂ ಕೇಳಿದರೆ ಬರೆದು ಕಳುಹಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನರ್ಸಿಂಗ್ ಆಫೀಸರರ ತಮ್ಮನ ಮಗಳು