ಬೆಳ್ಳುಳ್ಳಿ ಬಿಟ್ಟ ಮಾತ್ರಕ್ಕೆ ಪ್ರವಾಸ ಜೈನವಾದೀತೆ?

ವಿವಾಹ ಮುಗಿದ ವಾರದೊಳಗೆ ನವದಂಪತಿಗಳನ್ನು ಗೋವೆಯ ಕಡಲತೀರಕ್ಕೆ ಕಳುಹಿಸುವುದು ಬೆಳಗಾವಿ, ಹುಬ್ಬಳ್ಳಿ, ಧಾರವಾಡಗಳ ಜೈನ ಮನೆತನಗಳಲ್ಲಿ ಈಗ ಅಪರೂಪದ ಸಂಗತಿಯಲ್ಲ. ಕಲಂಗುಟ್ ಅಥವಾ ಬಾಗಾದಲ್ಲಿ ನಾಲ್ಕು ದಿನಗಳ ವಸತಿ, ಜೊತೆಗೆ 'ಜೈನ ಊಟ ದೊರೆಯುತ್ತದೆ' ಎಂಬ ಭರವಸೆ, ಇಷ್ಟಿದ್ದರೆ ಹಿರಿಯರ ಮನಸ್ಸಿಗೆ ಸಮಾಧಾನ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಗಳು ತಟ್ಟೆಗೆ ಬೀಳದಿದ್ದರೆ ಪ್ರವಾಸವೂ ಜೈನವಾಯಿತೆಂಬ ನಂಬಿಕೆ ಬೆಳೆದಿದೆ. ಅಹಿಂಸೆಯನ್ನು ಅಡುಗೆಮನೆಯ ನಾಲ್ಕು ಗೋಡೆಗಳೊಳಗೆ ಕೂಡಿಹಾಕುವ ಈ ನಂಬಿಕೆಯನ್ನು ಪ್ರಶ್ನಿಸಲೇಬೇಕಾಗಿದೆ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ. ದಂಪತಿಗಳ ಪರಸ್ಪರ ಪ್ರೀತಿಯನ್ನು ಜೈನಧರ್ಮ ಹಳಿದಿಲ್ಲ. ಸ್ವದಾರಸಂತೋಷವೇ ಗೃಹಸ್ಥನ ಒಂದು ಅಣುವ್ರತ. ದುಡಿದು ದಣಿದವರಿಗೆ ವಿಶ್ರಾಂತಿ ಬೇಡವೆಂದು ಯಾವ ಆಚಾರ್ಯರೂ ಹೇಳಿಲ್ಲ. ಕೆಲವು ಹಿರಿಯರು ಕಡಲತೀರದ ಉಡುಗೆ ತೊಡುಗೆಗಳನ್ನು ಕಂಡು ಮುಖ ಸಿಂಡರಿಸುತ್ತಾರೆ. ಆದರೆ ಬಟ್ಟೆಯ ಚರ್ಚೆಯಲ್ಲಿ ಮುಳುಗಿದವರಿಗೆ ನಿಜವಾದ ದೋಷವೇ ಕಾಣುವುದಿಲ್ಲ.

ಆ ದೋಷವನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೆಸರಿಸಿದ್ದಾರೆ. ಪ್ರಯೋಜನವಿಲ್ಲದೆ ಮಾಡುವ ಹಿಂಸೆ ಅನರ್ಥದಂಡ. ಅದರ ಐದು ಭೇದಗಳಲ್ಲಿ ಒಂದು ಪ್ರಮಾದಚರ್ಯೆ. ನಿಷ್ಕಾರಣವಾಗಿ ನೆಲವನ್ನು ಕೆದಕುವುದು, ನೀರನ್ನು ಕಲಕುವುದು, ಬೆಂಕಿ ಹೊತ್ತಿಸುವುದು, ಗಾಳಿಯನ್ನು ಕ್ಷೋಭೆಗೊಳಿಸುವುದು, ಸಸ್ಯಗಳನ್ನು ಕಡಿಯುವುದು, ಸುಮ್ಮನೆ ಅಲೆಯುವುದು ಮತ್ತು ಇತರರನ್ನು ಅಲೆಯಿಸುವುದು, ಇವೆಲ್ಲವೂ ಅದರಲ್ಲಿ ಸೇರುತ್ತವೆ. ಶತಮಾನಗಳ ಹಿಂದೆ ಸಿದ್ಧವಾದ ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ಇಂದಿನ ಗೋವೆಯ ತೀರದಲ್ಲಿ ನಡೆದವರಿಗೆ ಬೇರೊಂದು ಪಟ್ಟಿ ಬೇಕಾಗುವುದಿಲ್ಲ.

ಮರಳದಿಬ್ಬಗಳನ್ನು ಸಮತಟ್ಟುಗೊಳಿಸಿ, ಅವುಗಳನ್ನು ಹಿಡಿದಿಟ್ಟಿದ್ದ ಬಳ್ಳಿಗಳನ್ನು ಕಿತ್ತು ವಸತಿಗೃಹಗಳು ಎದ್ದಿವೆ. ಗಳಿಗೆಯ ಮೋಜಿಗಾಗಿ ಯಂತ್ರದ ದೋಣಿಗಳು ನೀರನ್ನು ಸೀಳುತ್ತವೆ. ಸಮುದ್ರ ಕಣ್ಣೆದುರಿಗೇ ಇದ್ದರೂ ಅಂಗಳದಲ್ಲಿ ಈಜುಕೊಳ ಬೇಕು. ಅದಕ್ಕೂ ಸ್ನಾನಕ್ಕೂ ಒಳನಾಡಿನ ಬಾವಿಗಳ ಸಿಹಿನೀರು ಟ್ಯಾಂಕರುಗಳಲ್ಲಿ ಬರುತ್ತದೆ. ಪ್ರವಾಸಿಗಳು ಬಿಟ್ಟುಹೋಗುವ ಕಸದ ಕಥೆ ಇನ್ನೊಂದು. ಕಲಂಗುಟ್ ಸುತ್ತಲಿನ ಕರಾವಳಿಯ ಕಸವನ್ನು ಸಂಸ್ಕರಿಸಲು ಸಾಳಗಾಂವ್‌ನಲ್ಲಿ 2016ರಲ್ಲಿ ದೊಡ್ಡ ಘಟಕವನ್ನೇ ಆರಂಭಿಸಬೇಕಾಯಿತು. ನೀರನ್ನು ಸೋಸಿ ಕುಡಿಯುವ ಕುಲಾಚಾರವುಳ್ಳ ಮನೆಯ ಮಕ್ಕಳು ನಾಲ್ಕು ದಿನಗಳಲ್ಲಿ ಬಳಸುವ ನೀರಿಗೆ ಲೆಕ್ಕವೇ ಇಲ್ಲವೆಂದರೆ, ಸೋಸುವ ಬಟ್ಟೆಗೆ ಉಳಿದ ಅರ್ಥವೇನು?

ಪಂಚೇಂದ್ರಿಯ ಜೀವಿಗಳ ಗತಿಯನ್ನೂ ನೋಡಬೇಕು. ಮೋರ್ಜಿಂ, ಅಗೋಂದಾ, ಗಲ್ಜಿಬಾಗ್ ತೀರಗಳಿಗೆ ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವುಗಳಿಗೆ ರಕ್ಷಣೆ ನೀಡಿದೆ. 2011ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಈ ತೀರಗಳನ್ನು ಆಮೆಗಳ ನೆಲೆಗಳೆಂದು ಗುರುತಿಸಿದೆ. ತಾಯಿ ಆಮೆ ಒಂದು ಗೂಡಿನಲ್ಲಿ ಸುಮಾರು 100 ಮೊಟ್ಟೆಗಳನ್ನಿಟ್ಟು ಕಡಲಿಗೆ ಮರಳುತ್ತದೆ. ಸುಮಾರು 50 ದಿನಗಳ ತರುವಾಯ ರಾತ್ರಿಯಲ್ಲಿ ಹೊರಬರುವ ಮರಿಗಳು ಬೆಳಕಿರುವ ದಿಕ್ಕಿಗೆ ಸಾಗುತ್ತವೆ. ಪ್ರಕೃತಿಯಲ್ಲಿ ಆ ಬೆಳಕು ಕಡಲಿನ ಮೇಲಿನ ಬಾನಿನದು. ತೀರದ ಭೋಜನಗೃಹಗಳ ದೀಪಗಳು ಉರಿಯುತ್ತಿದ್ದರೆ ಮರಿಗಳು ದಾರಿ ತಪ್ಪಿ ನೆಲದತ್ತ ನಡೆದು ನಾಯಿ, ಕಾಗೆ, ಏಡಿಗಳ ಬಾಯಿಗೆ ಬೀಳುತ್ತವೆ. ಆ ದೀಪದಡಿ ಕುಳಿತ ದಂಪತಿಗಳ ತಟ್ಟೆಯಲ್ಲಿ ಬೆಳ್ಳುಳ್ಳಿ ಇರದಿರಬಹುದು. ಅಷ್ಟರಿಂದ ಆಮೆಯ ಮರಿಗೆ ಬಂದ ಭಾಗ್ಯವೇನು? ಅಲ್ಲದೆ ಆ ಊಟವೂ ಸೂರ್ಯಾಸ್ತವನ್ನು ಕಣ್ತುಂಬ ನೋಡಿದ ಮೇಲಿನದು. ಅಂದರೆ ರಾತ್ರಿಭೋಜನ ತ್ಯಾಗವನ್ನು ಮುರಿದು ಮಾಡಿದ 'ಜೈನ ಊಟ'!

'ಇಬ್ಬರು ಹೋಗದಿದ್ದ ಮಾತ್ರಕ್ಕೆ ಆ ದೀಪಗಳು ಆರುತ್ತವೆಯೆ? ಅಲ್ಲಿನವರಿಗೂ ಜೀವನ ನಡೆಯಬೇಡವೆ?' ಎಂದು ಕೇಳುವವರಿದ್ದಾರೆ. ಕೃತ, ಕಾರಿತ, ಅನುಮೋದನೆ ಎಂಬ ಮೂರನ್ನೂ ಸಮಾನವಾಗಿ ಎಣಿಸುವ ಧರ್ಮದಲ್ಲಿ ಹಣ ಕೊಟ್ಟವನು ಹೊರಗಿನವನಾಗುವುದಿಲ್ಲ. ಅಲ್ಲಿನವರ ಜೀವನವಾದರೋ ಮಿತವಾಗಿ ಬಳಸುವ ಅತಿಥಿಯಿಂದಲೂ ನಡೆಯುತ್ತದೆ. ಬರಿದಾದ ಬಾವಿಯಿಂದ ಅವರಿಗೂ ಉಪಕಾರವಿಲ್ಲ.

ಭಗವಾನ್ ನೇಮಿನಾಥರ ಚರಿತ್ರೆ ಬೋಧಿಸುವುದೂ ಇದನ್ನೇ. ಮದುವೆಯ ದಿಬ್ಬಣದಲ್ಲಿ ಸಾಗುತ್ತಿದ್ದಾಗ, ಔತಣಕ್ಕಾಗಿ ಕೂಡಿಹಾಕಿದ್ದ ಪ್ರಾಣಿಗಳ ಆಕ್ರಂದನ ಅವರಿಗೆ ಕೇಳಿಸಿತು. 'ಕೊಲ್ಲುವವನು ತಾನಲ್ಲ, ತಿನ್ನುವವನೂ ತಾನಲ್ಲ' ಎಂದು ಅವರು ಸಮಾಧಾನ ಹೇಳಿಕೊಳ್ಳಲಿಲ್ಲ. ತಮ್ಮ ನಿಮಿತ್ತದಿಂದ ನಡೆಯುವ ಹಿಂಸೆ ತಮ್ಮದೇ ಎಂದರಿತು ರಥವನ್ನು ತಿರುಗಿಸಿದರು.

ಬೆಳಗಾವಿ ಕಡೆಯಿಂದ ಅನಮೋಡ ಘಾಟ್ ಇಳಿದು ಪಣಜಿಗೆ ಹೋಗುವ ರಸ್ತೆ ಫೋಂಡಾ ಪಟ್ಟಣವನ್ನು ಹಾದುಹೋಗುತ್ತದೆ. ಅದರ ಸಮೀಪದ ಬಾಂದೋರಾ ಗ್ರಾಮದಲ್ಲಿ ನೇಮಿನಾಥ ಬಸದಿಯೊಂದು ಪಾಳುಬಿದ್ದು ನಿಂತಿದೆ. ಡಿಚೋಲಿ ತಾಲ್ಲೂಕಿನ ಕುಡಣೆಯಲ್ಲೂ ಜಿನಾಲಯದ ಅವಶೇಷಗಳಿವೆ. ಗೋವೆಗೆ ಹೋಗಿಬಂದ ಜೈನರಲ್ಲಿ ಇವುಗಳನ್ನು ಕಂಡವರೆಷ್ಟು ಮಂದಿ? ಕಡಲತೀರದ ಭೋಜನಗೃಹಗಳ ಹೆಸರುಗಳು ಬಾಯಿಪಾಠವಾಗಿರುವ ಸಮಾಜಕ್ಕೆ ತನ್ನ ತೀರ್ಥಂಕರರ ಮುರಿದ ಗೋಡೆಗಳ ಪರಿಚಯವಿಲ್ಲದಿರುವುದು ಲಜ್ಜೆಯ ವಿಷಯ.

ಪರಿಹಾರವನ್ನು ಹೊಸದಾಗಿ ಹುಡುಕಬೇಕಿಲ್ಲ. ಅದು ಭೋಗೋಪಭೋಗ ಪರಿಮಾಣ ವ್ರತದಲ್ಲಿದೆ. ಹೊರಡುವ ಮೊದಲೇ ಎಷ್ಟು ದಿನ, ಎಷ್ಟು ದೂರ, ಎಷ್ಟು ವೆಚ್ಚ ಎಂಬ ಮಿತಿಯನ್ನು ದಂಪತಿಗಳಿಬ್ಬರೂ ಕೂಡಿ ನಿಶ್ಚಯಿಸಲಿ. ಈಜುಕೊಳವಿಲ್ಲದ ಸರಳ ವಸತಿಯನ್ನು ಆರಿಸಲಿ. ಯಂತ್ರದ ಜಲಕ್ರೀಡೆಗಳನ್ನು ಬಿಡಲಿ. ಆಮೆಗಳು ಬರುವ ತಿಂಗಳುಗಳಲ್ಲಿ ರಾತ್ರಿಯ ತೀರವನ್ನು ಅವುಗಳಿಗೇ ಬಿಟ್ಟುಕೊಡಲಿ. ಸಂಜೆಯ ಊಟ ಸೂರ್ಯಾಸ್ತಕ್ಕೆ ಮೊದಲೇ ಮುಗಿಯಲಿ. ತೀರದಲ್ಲಿ ಕೈಹಿಡಿದು ನಡೆಯುವುದಕ್ಕೆ, ಅಲೆಗಳ ಸದ್ದು ಕೇಳುತ್ತ ಮೌನವಾಗಿ ಕುಳಿತಿರುವುದಕ್ಕೆ ಇವುಗಳಲ್ಲಿ ಯಾವುದೂ ಅಡ್ಡಿಯಲ್ಲ.

ಬಸದಿಗಳ ಆಡಳಿತ ಮಂಡಳಿಗಳಿಗೂ ಹೊಣೆಯಿದೆ. ತೀರ್ಥಯಾತ್ರೆಯ ಬಾಲಕ್ಕೆ ಕಡಲತೀರದ ಮೋಜನ್ನು ಕಟ್ಟುವ ಪದ್ಧತಿ ಎಲ್ಲಿದ್ದರೂ ನಿಲ್ಲಬೇಕು. ತಮ್ಮ ಮಂಟಪಗಳಲ್ಲಿ ವಿವಾಹವಾಗುವ ವಧೂವರರಿಗೆ ಉಡುಗೊರೆಯ ಜೊತೆಗೆ ಪರಿಮಾಣ ವ್ರತದ ತಿಳಿವಳಿಕೆಯೂ ದೊರೆಯಬೇಕು. ಗೋವೆಯ ಪುರಾತತ್ತ್ವ ಇಲಾಖೆಯೊಡನೆ ಪತ್ರವ್ಯವಹಾರ ನಡೆಸಿ ಬಾಂದೋರಾ ಬಸದಿಯ ರಕ್ಷಣೆಗೆ ನೆರವಾಗಬೇಕು. ತಟ್ಟೆಯಲ್ಲಿ ಏನಿಲ್ಲ ಎಂದು ವಿಚಾರಿಸುವಷ್ಟೇ ಎಚ್ಚರದಿಂದ, ತನ್ನ ಸುಖಕ್ಕಾಗಿ ಯಾವ ಜೀವ ನೋಯುತ್ತಿದೆ ಎಂದು ವಿಚಾರಿಸುವವನೇ ಶ್ರಾವಕ.