ನೀರ ಮೇಲಿನ ಗೆರೆಯಾಗಲಿ ಮನೆಯ ಮುನಿಸು

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬುದು ಕನ್ನಡಿಗರ ನಾಲಿಗೆಯ ಮೇಲಿರುವ ಗಾದೆ. ‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು’ ಎಂಬುದು ಅಷ್ಟೇ ಪರಿಚಿತವಾದ ಮತ್ತೊಂದು. ಮೊದಲನೆಯದು ದಂಪತಿಗಳಿಗೆ ಸಮಾಧಾನ ಹೇಳುತ್ತದೆ, ಎರಡನೆಯದು ಅದೇ ಮನೆಯ ಮಗುವಿನ ಪಾಡನ್ನು ಹೇಳುತ್ತದೆ. ಊಟದ ಹೊತ್ತಿಗೆ ಏರಿದ ದನಿಗಳು ಮಲಗುವ ಹೊತ್ತಿಗೆ ತಣ್ಣಗಾಗಬಹುದು. ಅಷ್ಟರಲ್ಲಿ ಮಗು ಹೊದಿಕೆಯೊಳಗೆ ಮುಖ ಮುಚ್ಚಿಕೊಂಡು ನಿದ್ದೆ ಹೋಗಿರುತ್ತದೆ. ಅದು ಜಗಳವನ್ನು ಕಂಡಿರುತ್ತದೆ, ರಾಜಿಯನ್ನು ಕಂಡಿರುವುದಿಲ್ಲ.

ಆತ್ಮವನ್ನು ಕಲುಷಿತಗೊಳಿಸುವ ಕ್ರೋಧ, ಮಾನ, ಮಾಯೆ, ಲೋಭಗಳನ್ನು ಜೈನ ಸಿದ್ಧಾಂತವು ಕಷಾಯಗಳೆಂದು ಕರೆಯುತ್ತದೆ. ಶ್ರವಣಬೆಳಗೊಳದ ಗೊಮ್ಮಟ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನ ಗುರುಗಳಾದ ಆಚಾರ್ಯ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ‘ಗೊಮ್ಮಟಸಾರ’ದಲ್ಲಿ ಕ್ರೋಧದ ನಾಲ್ಕು ಬಗೆಗಳನ್ನು ನಾಲ್ಕು ಗೆರೆಗಳಿಗೆ ಹೋಲಿಸಿದ್ದಾರೆ. ಒಂದು ಕಲ್ಲಿನ ಮೇಲಿನ ಗೆರೆ, ಒಂದು ನೆಲದ ಬಿರುಕು, ಒಂದು ಧೂಳಿನ ಮೇಲೆ ಎಳೆದದ್ದು, ಕೊನೆಯದು ನೀರಿನ ಮೇಲಿನದು. ಕಲ್ಲಿನ ಗೆರೆಯಂಥ ಅನಂತಾನುಬಂಧಿ ಕ್ರೋಧವು ಜನ್ಮಾಂತರಕ್ಕೂ ಬೆನ್ನು ಬಿಡದು. ನೀರ ಗೆರೆಯಂಥ ಸಂಜ್ವಲನ ಕ್ರೋಧದ ವಾಸನೆ ಒಂದು ಅಂತರ್ಮುಹೂರ್ತದೊಳಗೆ, ಎಂದರೆ 48 ನಿಮಿಷ ತುಂಬುವ ಮೊದಲೇ ಅಳಿದುಹೋಗುತ್ತದೆ.

ಗೃಹಸ್ಥರು ಗಮನಿಸಬೇಕಾದ ಸೂಕ್ಷ್ಮವೊಂದು ಇಲ್ಲಿದೆ. ದೊಡ್ಡವರ ಪಾಲಿಗೆ ನೀರ ಮೇಲಿನ ಗೆರೆಯಾಗಿದ್ದ ಜಗಳ ಮಗುವಿನ ಮನಸ್ಸಿನಲ್ಲಿ ಬಹುಕಾಲ ಉಳಿಯಬಹುದು. ನಾಲ್ಕೈದು ವರ್ಷದ ಮಗುವಿಗೆ ಮನೆಯ ಸಾಲ, ನೆಂಟರ ಮಾತು, ದಣಿವು ಇವೊಂದೂ ತಿಳಿಯದು. ತಾನು ಹಾಲು ಚೆಲ್ಲಿದ್ದಕ್ಕೇ ಅಪ್ಪ ಅಮ್ಮ ಕೂಗಾಡಿದರೆಂದು ಅದು ನಂಬುತ್ತದೆ. ಬಾಯಿಬಿಟ್ಟು ಹೇಳಲಾರದು. ಶಾಲೆಗೆ ಹೊರಡುವಾಗ ಹೊಟ್ಟೆನೋವು, ನಿಂತುಹೋಗಿದ್ದ ಹಾಸಿಗೆ ಒದ್ದೆಯಾಗುವಿಕೆ ಮರಳುವುದು, ಜೊತೆಗಾರರನ್ನು ಹೊಡೆಯುವುದು, ಇವು ಅದರ ಭಾಷೆಯಾಗಬಹುದು. ಕೆಲವು ಮಕ್ಕಳು ವಿಪರೀತ ಮೌನಿಗಳಾಗಿ, ಹೇಳಿದ್ದನ್ನೆಲ್ಲ ಕೇಳುತ್ತ, ‘ಜಾಣ ಮಗು’ ಎನಿಸಿಕೊಳ್ಳುತ್ತವೆ. ಆ ಜಾಣತನದ ಹಿಂದೆ ಭಯವೂ ಇರಬಹುದು.

‘ಯಾರ ಮೇಲೂ ಕೈ ಎತ್ತಿಲ್ಲ, ಮಾತಾಡಿದ್ದಷ್ಟೇ’ ಎಂದು ಹೇಳಿ ಪಾರಾಗಲು ಜಿನಧರ್ಮವು ಅವಕಾಶ ಕೊಡುವುದಿಲ್ಲ. ಜನ್ನನ ‘ಯಶೋಧರ ಚರಿತೆ’ಯಲ್ಲಿ ಯಶೋಧರನು ತಾಯಿಯ ಒತ್ತಾಯಕ್ಕೆ ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಜೀವವಿಲ್ಲದ ಆ ಕೋಳಿಯನ್ನು ಕೊಲ್ಲುವ ಸಂಕಲ್ಪಕ್ಕಾಗಿಯೇ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ಅಲೆದು ನೋವುಂಡರು. ಭಾವದಲ್ಲಿ ನಡೆದದ್ದೂ ಹಿಂಸೆಯೇ ಎಂದಾದರೆ, ಜೀವವಿರುವ ಕೂಸಿನ ಎದುರು ಎಸೆದ ಕಟುನುಡಿಯ ಮಾತೇನು? ಮುನಿಗಳಿಗೆ ವಿಧಿಸಿದ ಐದು ಸಮಿತಿಗಳಲ್ಲಿ ಭಾಷಾ ಸಮಿತಿಯೂ ಒಂದು. ಹಿತವಾಗಿ, ಮಿತವಾಗಿ ನುಡಿಯುವ ಆ ಎಚ್ಚರದ ಒಂದಂಶವಾದರೂ ಶ್ರಾವಕರ ಅಡುಗೆಮನೆಗೆ ಬರಬೇಕು.

ಒಂದೇ ಸೂರಿನಡಿ ಬಾಳುವ ಇಬ್ಬರ ನಡುವೆ ಭಿನ್ನಾಭಿಪ್ರಾಯವೇ ಬರಬಾರದೆನ್ನುವುದು ಆಗದ ಮಾತು. ಆಗಬಹುದಾದದ್ದು ಕ್ಷಮಾಪಣೆ. ದಿನದ ದೋಷಗಳನ್ನು ನೆನೆದು ಹಿಂದಿರುಗುವ ಪ್ರತಿಕ್ರಮಣವು ಜೈನರ ನಿತ್ಯವಿಧಿ. ಅದನ್ನು ಮಗುವಿನ ಎದುರೇ ಆಚರಿಸಬೇಕು. ಜಗಳ ಮಗುವಿನ ಕಣ್ಣೆದುರು ನಡೆದಿದ್ದರೆ ಕ್ಷಮೆಯೂ ಕಣ್ಣೆದುರೇ ನಡೆಯಲಿ. ‘ಕೋಪದಲ್ಲಿ ದನಿ ಏರಿಸಿದೆ, ತಪ್ಪಾಯಿತು’ ಎಂದು ತಂದೆ ತಾಯಿಗೆ, ತಾಯಿ ತಂದೆಗೆ ಹೇಳುವುದನ್ನು ಮಗು ಕೇಳಲಿ. ಬಳಿಕ ಅದನ್ನು ಹತ್ತಿರ ಕೂರಿಸಿಕೊಂಡು, ‘ಇದು ನಿನ್ನಿಂದ ಆದದ್ದಲ್ಲ, ನಿನ್ನನ್ನು ಹೆದರಿಸಿದ್ದಕ್ಕೆ ನಮ್ಮನ್ನು ಕ್ಷಮಿಸು ಕಂದ’ ಎಂದು ಹೇಳಲಿ. ಕೂಸಿನ ಬಳಿ ಕ್ಷಮೆ ಬೇಡುವುದರಿಂದ ಹಿರಿತನ ಕುಂದುವುದಿಲ್ಲ, ಮಾನ ಕಷಾಯ ಕುಂದುತ್ತದೆ.

‘ಅಪ್ಪನಿಗೆ ಹೇಳು’, ‘ಅಮ್ಮನನ್ನು ಕೇಳು’ ಎಂದು ಮಗುವನ್ನು ದೂತನನ್ನಾಗಿಸುವುದು, ‘ಯಾರದು ತಪ್ಪು, ನೀನೇ ಹೇಳು’ ಎಂದು ನ್ಯಾಯಾಧೀಶನನ್ನಾಗಿಸುವುದು ಸಲ್ಲದು. ಮನೆಯಲ್ಲಿ ಅಜ್ಜ ಅಜ್ಜಿಯರಿದ್ದರೆ, ದನಿ ಏರಿದಾಗ ತಮ್ಮ ಬಳಿ ಬಂದು ಕೂರಬಹುದೆಂದು ಮೊದಲೇ ತಿಳಿಸಿರಲಿ. ಮೂರು ಉಸಿರಿಗೊಂದರಂತೆ 27 ಉಸಿರುಗಳಲ್ಲಿ ಒಂಬತ್ತು ಬಾರಿ ಪಂಚನಮಸ್ಕಾರ ಮಂತ್ರವನ್ನು ಸ್ಮರಿಸುವ ಕಾಯೋತ್ಸರ್ಗದ ಕ್ರಮವುಂಟು. ಅಜ್ಜಿಯ ತೊಡೆಯ ಮೇಲೆ ಕುಳಿತು ಹೀಗೆ ನಿಧಾನವಾಗಿ ಉಸಿರಾಡುವ ಮಗುವಿನ ಎದೆಬಡಿತ ಹದಕ್ಕೆ ಬರುತ್ತದೆ. ಆದರೆ ಮಗುವಿಗೆ ಮಂತ್ರ ಕಲಿಸಿದೆವೆಂದು ಹಿರಿಯರು ಜಗಳವನ್ನು ಮುಂದುವರಿಸುವಂತಿಲ್ಲ.

ಕ್ಷಮೆಯ ಹೆಸರಿನಲ್ಲಿ ಹೊಡೆತವನ್ನು ಸಹಿಸಬೇಕೆಂದು ಧರ್ಮವು ಹೇಳಿಲ್ಲ. ಜಗಳ ಹೊಡೆದಾಟಕ್ಕೆ ತಿರುಗುವ ಮನೆಯಲ್ಲಿ ಮೊದಲು ಆಗಬೇಕಾದದ್ದು ಮಗುವಿನ ಮತ್ತು ಪೆಟ್ಟು ತಿನ್ನುವವರ ರಕ್ಷಣೆ. ಬಂಧುಗಳು, ಸಮಾಜದ ಹಿರಿಯರು ‘ಮನೆಯ ಮಾತು’ ಎಂದು ಸುಮ್ಮನಿರಬಾರದು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವುದೂ ಜೀವದಯೆಯೇ.

ದಶಲಕ್ಷಣ ಪರ್ವವು ಉತ್ತಮ ಕ್ಷಮೆಯಿಂದ ಆರಂಭವಾಗಿ, ಅದರ ಬೆನ್ನಿಗೇ ಬರುವ ಕ್ಷಮಾವಾಣಿಯ ದಿನ ಊರಿನವರೆಲ್ಲ ಪರಸ್ಪರ ಕ್ಷಮೆ ಯಾಚಿಸುತ್ತಾರೆ. ವರುಷಕ್ಕೊಮ್ಮೆ ಹೊರಗಿನವರಲ್ಲಿ ಬೇಡುವ ಆ ಕ್ಷಮೆಯನ್ನು ದಿನವೂ ಮನೆಯೊಳಗೆ, ಮಗು ನಿದ್ದೆಹೋಗುವ ಮುನ್ನ ಬೇಡುವಂತಾದರೆ ಕೂಸು ಬಡವಾಗದು.